ಕ್ಯಾನಿಗೆ ಡಿಗ್ರಿ, ಟ್ಯಾಂಕರಿಗೆ ನಮಸ್ಕಾರ!

ಮದ್ದೂರು ದಾಟಿ ಮಂಡ್ಯದ ಕಡೆ ಹೊರಟ ಬಸ್ಸಿನಲ್ಲಿ ಕುಳಿತವರಿಗೆ ಗೆಜ್ಜಲಗೆರೆ ಡೇರಿಯನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಜಿಲ್ಲೆಯ ಹಳ್ಳಿಗಳ ಹಾಲು ಬಂದು ಸೇರುವುದು ಅಲ್ಲಿಗೇ. 2021ರಲ್ಲಿ, ಜನ ಕೊರೊನಾಕ್ಕೆ ಹೆದರಿ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ, ಈ ಡೇರಿಯ ಹೆಸರು ರಾಜ್ಯದ ಉದ್ದಗಲಕ್ಕೂ ಕೇಳಿಸಿತು. ಒಳ್ಳೆಯ ಕಾರಣಕ್ಕಲ್ಲ.

ಹಾಲು ತರುವ ಟ್ಯಾಂಕರಿನೊಳಗೆ ಗುಟ್ಟಾಗಿ ಇನ್ನೊಂದು ತೊಟ್ಟಿ! ಒಂದರಲ್ಲಿ ಹಾಲು, ಇನ್ನೊಂದರಲ್ಲಿ ನೀರು. ಹಾಲಿನ ಲೆಕ್ಕದಲ್ಲಿ ನೀರೂ ಒಳಗೆ ಹೋಗುತ್ತಿತ್ತೆಂಬುದೇ ಮನ್‌ಮುಲ್ ಹಗರಣ. ಕೇಸಾಯಿತು, ಅಧಿಕಾರಿಗಳು ಸಸ್ಪೆಂಡಾದರು, ತನಿಖೆ ಸಿಐಡಿ ಕೈಗೆ ಹೋಯಿತು. ಯಾರ ಪಾಲು ಎಷ್ಟು ಎಂಬುದು ಕೋರ್ಟು ಹೇಳಬೇಕಾದ ಮಾತು. ನಾವು ಹೇಳಹೊರಟಿದ್ದು ಬೇರೆ.

ಬೆಳಗ್ಗೆ ಯಾವುದಾದರೂ ಊರಿನ ಹಾಲಿನ ಸಂಘದ ಮುಂದೆ ನಿಂತು ನೋಡಿ. ಎರಡು ಲೀಟರ್ ಹಾಲು ಹಿಡಿದ ಹೆಣ್ಣುಮಗಳೊಬ್ಬಳು ಸಾಲಿನಲ್ಲಿರುತ್ತಾಳೆ. ಲ್ಯಾಕ್ಟೋಮೀಟರೋ, ಈಗಿನ ಮಷೀನೋ, ಅಂತೂ ಪರೀಕ್ಷೆ ತಪ್ಪದು.

"ಡಿಗ್ರಿ ಬರ್ನಿಲ್ವಲ್ಲಕ್ಕ, ನೀರ್ ಬುಟ್ಟಿದ್ದೀಯಾ?"

"ಇಲ್ಲ ಕಣಪ್ಪ, ಹಿಂಡಿ ತರಕ್ಕೆ ಕಾಸಿಲ್ಲ, ಬರೀ ಒಣಹುಲ್ಲು ತಿಂದದೆ ಹಸ."

ಹಿಂಡಿಯ ಕಥೆ ಯಂತ್ರಕ್ಕೆ ಗೊತ್ತಿಲ್ಲ. ಹಾಲು ವಾಪಸ್, ಇಲ್ಲವೇ ಕಾಸು ಕಡಿತ. ರೂಲ್ಸ್ ಅಂದ್ರೆ ರೂಲ್ಸು. ಸರಿ, ಇರಲಿ. ಆದರೆ ಎರಡು ಲೀಟರಿಗೆ ಇಷ್ಟು ಬಿಗಿಯಾದ ಕಾನೂನು, ಸಾವಿರಗಟ್ಟಲೆ ಲೀಟರ್ ಹೊತ್ತ ಟ್ಯಾಂಕರಿನ ಮುಂದೆ ಮಲಗಿದ್ದು ಹೇಗೆ ಸ್ವಾಮಿ? ಕಳ್ಳ ತೊಟ್ಟಿ ಬೆಸೆಯಲು ಒಂದು ಗ್ಯಾರೇಜು ಸಾಕು. ಅದು ಗೇಟು, ತೂಕ, ಲ್ಯಾಬು, ರಿಜಿಸ್ಟರು ಎಲ್ಲವನ್ನೂ ದಾಟಿ ಹೋಗಬೇಕಾದರೆ?

ಇದು ಬರೀ ಹಾಲಿನವರ ತಾಪತ್ರಯ ಅಂದುಕೊಳ್ಳಬೇಡಿ. ಅಂಗಡಿಯವರಿಗೆ ಗೊತ್ತು, ಸಾಲದ ಪುಸ್ತಕದಲ್ಲಿ ಗೆರೆ ಹೊಡೆಯುವುದು ಹಾಲಿನ ಬಟವಾಡೆ ದಿನ. 1933ರಲ್ಲಿ ಹುಟ್ಟಿದ ಮೈಷುಗರ್ ಕೂಡ ಆಗ ನಿಂತುಹೋಗಿತ್ತು. ಮತ್ತೆ ಕಬ್ಬು ಅರೆದದ್ದು 2022ರಲ್ಲಿ. ಕಬ್ಬಿನ ದುಡ್ಡು ಯಾವತ್ತೋ, ಹಾಲಿನ ದುಡ್ಡು ಮಾತ್ರ ಕೈಗೆ ಬರುವಂಥದ್ದು. ಮಗಳ ಫೀಸು, ಸಂಘದ ಕಂತು, ಬಸ್ ಚಾರ್ಜು, ಎಲ್ಲಕ್ಕೂ ಅದೇ ಆಧಾರ. ಒಕ್ಕೂಟಕ್ಕೆ ನಷ್ಟವಾದರೆ ಅದು ಕೊನೆಗೆ ಬಂದು ಕೂರುವುದು ಖರೀದಿ ದರದ ತಲೆಯ ಮೇಲೆ.

ಸರ್ಕಾರದ ದುಡ್ಡೂ ಈ ಹಾಲಿನಲ್ಲಿದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ಪ್ರೋತ್ಸಾಹಧನ 2016ಕ್ಕೆ 5 ರೂಪಾಯಿಯಾಯಿತು. 2013ರಲ್ಲಿ ಕ್ಷೀರಭಾಗ್ಯ ಬಂದು ಶಾಲೆ ಮಕ್ಕಳ ಲೋಟಕ್ಕೂ ಹಾಲು ಬಿತ್ತು. ಅಂದರೆ ತೆರಿಗೆ ಕಟ್ಟುವ ಅಂಗಡಿಯವನೂ ಇದರಲ್ಲಿ ಪಾಲುದಾರನೇ.

ಇನ್ನೊಂದು ನಷ್ಟ ಯಾವ ಆಡಿಟ್ಟಿಗೂ ಸಿಗದು. ಅಷ್ಟು ದಿನ ನೀರು ಬೆರೆಸದ ಮನೆಯಲ್ಲೂ "ಅವ್ರು ಟ್ಯಾಂಕರ್‌ಗಟ್ಲೆ ಬೆರೆಸ್ದಾಗ ನಮ್ದೊಂದು ಚೊಂಬು ಏನ್ ಮಹಾ?" ಅನ್ನುವ ಮಾತು ಹುಟ್ಟಿಬಿಡುತ್ತದೆ. ಆಮೇಲೆ ಸಂಘದ ಕಾರ್ಯದರ್ಶಿ ಡಿಗ್ರಿ ಕೇಳಲು ಯಾವ ಮುಖ ಇಟ್ಟುಕೊಳ್ಳಬೇಕು?

ನಮ್ಮ ಕೋರಿಕೆ ದೊಡ್ಡದಲ್ಲ. ಇಂಥ ನಂಬರಿನ ಟ್ಯಾಂಕರು ಊರಿನಿಂದ ಹೊತ್ತ ಹಾಲೆಷ್ಟು, ಗೆಜ್ಜಲಗೆರೆಯಲ್ಲಿ ಇಳಿಸಿದ್ದೆಷ್ಟು, ಎರಡೂ ಕಡೆ ಬಂದ ಡಿಗ್ರಿ ಎಷ್ಟು ಎಂಬುದನ್ನು ದಿನಾ ಸಂಘದ ಕರಿಹಲಗೆಯ ಮೇಲೆ ಬರೆದು ಹಾಕಲಿ. ಒಂದು ಡಬ್ಬಿ ಸೀಮೆಸುಣ್ಣಕ್ಕೆ ಟೆಂಡರ್ ಕರೆಯಬೇಕಾಗಿಲ್ಲ.