ಹಾಡಿಗೆ ಹೆಜ್ಜೆ, ಮೈಗೆ ವ್ಯಾಯಾಮ
(ಕುಣಿತದ ವಿಡಿಯೋ ಆಟಗಳ ಬಗ್ಗೆ ತಿಳಿಯಬೇಕಾದದ್ದು)

"ದಿನಾಲೂ ವ್ಯಾಯಾಮ ಮಾಡಬೇಕು" ಎಂದು ವೈದ್ಯರು ಚೀಟಿಯ ಕೊನೆಯಲ್ಲಿ ಬರೆದುಕೊಡುತ್ತಾರೆ. ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸದ ರೋಗಿಗಳು ಈ ಒಂದು ಸಾಲನ್ನು ಮಾತ್ರ ಬಿಟ್ಟುಬಿಡುತ್ತಾರೆ. ಕಾರಣ ಕೇಳಿದರೆ ಹೊತ್ತಿಲ್ಲ ಎನ್ನುವವರಿಗಿಂತ "ಬ್ಯಾಸರಾಗ್ತದ್ರಿ ಸಿಸ್ಟರ್" ಎನ್ನುವವರೇ ಹೆಚ್ಚು. ಇನ್ನು ಮಕ್ಕಳನ್ನು ಕರೆತರುವ ತಾಯಂದಿರ ದೂರು ಬೇರೆಯೇ. ಹುಡುಗ ಟಿ.ವಿ. ಮುಂದಿನಿಂದ ಏಳುವುದಿಲ್ಲ, ತೂಕ ಏರುತ್ತಲೇ ಇದೆ, ಬಯಲಿಗೆ ಕಳಿಸೋಣವೆಂದರೆ ಬಯಲೇ ಉಳಿದಿಲ್ಲ. ಈ ಎರಡೂ ತೊಂದರೆಗಳಿಗೆ ಸ್ವಲ್ಪಮಟ್ಟಿಗೆ ಉಪಯೋಗಕ್ಕೆ ಬರುವ ಒಂದು ಸಾಧನ ಅದೇ ಟಿ.ವಿ.ಯಲ್ಲಿಯೇ ಇದೆ. ಅದೇ ಕುಣಿತದ ವಿಡಿಯೋ ಆಟ.

ಆಟ ಹೇಗಿರುತ್ತದೆ?

ಜಪಾನಿನ ಕೊನಾಮಿ ಎಂಬ ಕಂಪನಿ 1998ರಲ್ಲಿ "ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್" ಎಂಬ ಆಟವನ್ನು ಹೊರತಂದಿತು. ಮೊದಲು ಇದು ಆಟದ ಕೇಂದ್ರಗಳಲ್ಲಿ ನಿಲ್ಲಿಸುವ ದೊಡ್ಡ ಯಂತ್ರವಾಗಿತ್ತು. ಆಮೇಲೆ ಮನೆಯ ಟಿ.ವಿ.ಗೆ ಜೋಡಿಸುವ ಚಾಪೆಯ ರೂಪದಲ್ಲಿಯೂ ಬಂದಿತು. ಚಾಪೆಯ ಮೇಲೆ ಮುಂದೆ, ಹಿಂದೆ, ಎಡ, ಬಲ ಎಂದು ನಾಲ್ಕು ಬಾಣದ ಗುರುತಿನ ಮನೆಗಳಿರುತ್ತವೆ. ಹಾಡು ಶುರುವಾದೊಡನೆ ಪರದೆಯ ಕೆಳಗಿನಿಂದ ಬಾಣಗಳು ಮೇಲಕ್ಕೆ ಏರತೊಡಗುತ್ತವೆ. ಬಾಣವು ಮೇಲಿನ ಗುರುತಿಗೆ ತಾಗುವ ಹೊತ್ತಿಗೆ ಸರಿಯಾಗಿ ಆ ದಿಕ್ಕಿನ ಮನೆಯನ್ನು ತುಳಿಯಬೇಕು. ತಾಳಕ್ಕೆ ಸರಿಯಾಗಿ ತುಳಿದರೆ ಅಂಕ, ತಪ್ಪಿದರೆ ಇಲ್ಲ. ಚಿಕ್ಕಂದಿನಲ್ಲಿ ಅಂಗಳದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡಿದವರಿಗೆ ಈ ಮನೆಗಳು ಹೊಸತೆನಿಸುವುದಿಲ್ಲ. ಕೋಲಾಟ ಕಲಿತವರಿಗಂತೂ ತಾಳ ತಪ್ಪುವ ಭಯವೇ ಇಲ್ಲ.

ಎರಡನೆಯ ಬಗೆಯಲ್ಲಿ ಚಾಪೆ ಇರುವುದಿಲ್ಲ. 2009ರಲ್ಲಿ ಬಂದ "ಜಸ್ಟ್ ಡ್ಯಾನ್ಸ್" ಎಂಬ ಆಟದಲ್ಲಿ ಪರದೆಯ ಮೇಲಿನ ನರ್ತಕರನ್ನು ನೋಡಿ ನಾವೂ ಹಾಗೆಯೇ ಕುಣಿಯಬೇಕು. ಕೈಯಲ್ಲಿ ಹಿಡಿದ ಸಣ್ಣ ರಿಮೋಟು ನಮ್ಮ ಚಲನೆಯನ್ನು ಅಳೆಯುತ್ತದೆ. 2014ರಲ್ಲಿ ಬಂದ ಇದರ ಇನ್ನೊಂದು ರೂಪದಲ್ಲಿ ಮೊಬೈಲ್ ಫೋನೇ ರಿಮೋಟಿನ ಕೆಲಸ ಮಾಡುತ್ತದೆ. ಇಲ್ಲಿ ಪಾಲಕರು ಒಂದು ಗುಟ್ಟು ತಿಳಿದಿರಬೇಕು. ಯಂತ್ರಕ್ಕೆ ಗೊತ್ತಾಗುವುದು ರಿಮೋಟು ಹಿಡಿದ ಕೈಯ ಚಲನೆ ಮಾತ್ರ. ಜಾಣ ಮಕ್ಕಳು ಇದನ್ನು ಒಂದೇ ದಿನದಲ್ಲಿ ಕಂಡುಹಿಡಿಯುತ್ತಾರೆ, ಮಂಚದ ಮೇಲೆ ಕುಳಿತೇ ಕೈಬೀಸಿ ಅಂಕ ಗಳಿಸುತ್ತಾರೆ! ಆದ್ದರಿಂದ ವ್ಯಾಯಾಮದ ದೃಷ್ಟಿಯಿಂದ ಕಾಲಿಗೆ ಕೆಲಸ ಕೊಡುವ ಚಾಪೆಯ ಆಟವೇ ಮೇಲು ಎಂಬುದು ನನ್ನ ಅಭಿಪ್ರಾಯ.

ನಿಜವಾಗಿಯೂ ಉಪಯೋಗವಿದೆಯೇ?

ಇದು ಬರೀ ಮೋಜಿನ ಮಾತಲ್ಲ. ಮಕ್ಕಳ ಸ್ಥೂಲಕಾಯ ದೊಡ್ಡ ಸಮಸ್ಯೆಯಾಗಿದ್ದ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯವು ತನ್ನ 765 ಸರ್ಕಾರಿ ಶಾಲೆಗಳಲ್ಲಿಯೂ ಈ ಚಾಪೆಯ ಆಟವನ್ನು ವ್ಯಾಯಾಮಕ್ಕಾಗಿ ಅಳವಡಿಸುವ ಯೋಜನೆಯನ್ನು 2006ರಲ್ಲಿ ಪ್ರಕಟಿಸಿತು. ಅದೇ ರಾಜ್ಯದ ಸಂಶೋಧಕರು ಹೆಚ್ಚು ತೂಕದ 35 ಮಕ್ಕಳ ಮೇಲೆ ನಡೆಸಿದ ಅಧ್ಯಯನವು 2009ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರ ಈ ಆಟವಾಡಿದ ಮಕ್ಕಳಲ್ಲಿ ರಕ್ತನಾಳಗಳು ಹಿಗ್ಗುವ ಶಕ್ತಿ ಸುಧಾರಿಸಿತ್ತು, ದಣಿವಿಲ್ಲದೆ ವ್ಯಾಯಾಮ ಮಾಡುವ ಸಾಮರ್ಥ್ಯವೂ ಹೆಚ್ಚಿತ್ತು. ಆದರೆ ತೂಕ ಇಳಿದಿರಲಿಲ್ಲ. ಆಡದ ಮಕ್ಕಳ ತೂಕ ಸರಾಸರಿ ಸುಮಾರು ಎರಡೂವರೆ ಕಿಲೋ ಏರಿದ್ದರೆ ಆಡಿದವರದು ಒಂದು ಕಿಲೋದೊಳಗೆ ಏರಿತ್ತು, ಅಷ್ಟೆ. ಬೆಳೆಯುವ ಮಕ್ಕಳಲ್ಲಿ ಇದೂ ಲಾಭವೇ. ಆದರೆ ತಿಂಗಳಲ್ಲಿ ಮಗು ತೆಳ್ಳಗಾಗುತ್ತದೆ ಎಂದು ಯಾರಾದರೂ ಹೇಳಿ ಚಾಪೆ ಮಾರಿದರೆ ನಂಬಬೇಡಿರಿ. ಕರಿದ ತಿಂಡಿ, ಬಾಟಲಿ ಪಾನೀಯಗಳನ್ನು ಕಡಿಮೆ ಮಾಡದೆ ಬರೀ ಕುಣಿತದಿಂದ ತೂಕ ಇಳಿಯುವುದು ಕಷ್ಟ.

ಇನ್ನೊಂದು ಅಧ್ಯಯನದಲ್ಲಿ 10ರಿಂದ 13 ವರ್ಷದ ಮಕ್ಕಳು ಇಂತಹ ಆಟಗಳಲ್ಲಿ ಖರ್ಚು ಮಾಡುವ ಶಕ್ತಿಯು ಸಾಧಾರಣ ವೇಗದ ನಡಿಗೆಗೆ ಸಮವೆಂದು ಕಂಡುಬಂದಿತು. ಎಂದರೆ ಇದು ನಡಿಗೆಗೆ ಬದಲಿಯಾಗಬಲ್ಲದು. ಫುಟ್‌ಬಾಲ್, ಕಬಡ್ಡಿಯಂತಹ ಓಡಾಟದ ಆಟಗಳಿಗೆ ಇದು ಸಾಟಿಯಲ್ಲ.

ನನಗೆ ಹೆಚ್ಚು ಮುಖ್ಯವೆನಿಸುವುದು ಹಿರಿಯರ ವಿಷಯ. ಬಚ್ಚಲಲ್ಲಿ, ಹೊಸ್ತಿಲಲ್ಲಿ ಎಡವಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಬರುವ ಅಜ್ಜ-ಅಜ್ಜಿಯರನ್ನು ನಾವು ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇವೆ. ಬೀಳುವ ಮೊದಲು ಕಾಲನ್ನು ಸರಕ್ಕನೆ ಸರಿಯಾದ ಕಡೆ ಇಡಲು ಸಾಧ್ಯವಾದರೆ ಮನುಷ್ಯ ಬೀಳುವುದಿಲ್ಲ. ವಯಸ್ಸಾದಂತೆ ಈ ಚುರುಕು ಕಡಿಮೆಯಾಗುತ್ತದೆ. ಬಾಣ ನೋಡಿ ಹೆಜ್ಜೆ ಇಡುವ ಆಟವು ಇದನ್ನೇ ಅಭ್ಯಾಸ ಮಾಡಿಸುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 65 ವರ್ಷ ಮೀರಿದ 769 ಜನರನ್ನು ಒಳಗೊಂಡ ಅಧ್ಯಯನವೊಂದು 2024ರಲ್ಲಿ ಪ್ರಕಟವಾಗಿದೆ. ಮನೆಯಲ್ಲಿಯೇ ವಾರಕ್ಕೆ ಎರಡು ಗಂಟೆಯ ಗುರಿಯಿಟ್ಟು ಒಂದು ವರ್ಷ ಹೆಜ್ಜೆಯ ಆಟ ಆಡಿದವರಲ್ಲಿ ಬೀಳುವ ಪ್ರಸಂಗಗಳು ಶೇಕಡಾ 26ರಷ್ಟು ಕಡಿಮೆಯಾದವು. ಅವರಿಗೆ ಕೊಟ್ಟದ್ದು ಹಿರಿಯರಿಗಾಗಿಯೇ ಸಿದ್ಧಪಡಿಸಿದ ಆಟ, ಹುಡುಗರ ವೇಗದ ಆಟವಲ್ಲ ಎಂಬುದನ್ನು ಮರೆಯಬಾರದು.

ಎಷ್ಟು ಹೊತ್ತು ಆಡಬೇಕು?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಬೇಕು. ಮೊದಲ ವಾರವೇ ಇಷ್ಟನ್ನೂ ಆಡಲು ಹೋಗಬೇಡಿರಿ. ನಿಧಾನ ಹಾಡು ಆರಿಸಿ ಹತ್ತು ನಿಮಿಷದಿಂದ ಶುರುಮಾಡಿರಿ. ಶ್ರಮ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಆಡುತ್ತಿರುವಾಗ ಪಕ್ಕದವರೊಡನೆ ಮಾತನಾಡಲು ಬರಬೇಕು, ಆದರೆ ಹಾಡಲು ಬರಬಾರದು. ಮಾತೇ ಕಷ್ಟವಾದರೆ ವೇಗ ಕಡಿಮೆ ಮಾಡಿರಿ. ಕೆಲವು ಆಟಗಳು ಪರದೆಯ ಮೇಲೆ ಇಷ್ಟು ಕ್ಯಾಲೊರಿ ಖರ್ಚಾಯಿತೆಂದು ತೋರಿಸುತ್ತವೆ. ಅದು ಅಂದಾಜು ಮಾತ್ರ. ಅದನ್ನು ನಂಬಿ ಒಂದು ಹೋಳಿಗೆ ಹೆಚ್ಚು ತಿನ್ನಬೇಡಿರಿ.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಎಂಬಂತೆ, ಮಕ್ಕಳು ಮೊದಲು ಉತ್ಸಾಹದಿಂದ ಆಡಿ ಕೆಲವು ತಿಂಗಳಲ್ಲಿ ಚಾಪೆಯನ್ನು ಅಟ್ಟಕ್ಕೇರಿಸುವುದು ಬೇರೆ ದೇಶಗಳಲ್ಲಿಯೂ ಕಂಡುಬಂದಿದೆ. ಒಬ್ಬರೇ ಆಡುವುದಕ್ಕಿಂತ ತಂದೆ-ತಾಯಿ, ಅಕ್ಕ-ತಮ್ಮ ಸರದಿಯಂತೆ ಆಡಿದರೆ ಆಸಕ್ತಿ ಹೆಚ್ಚು ದಿನ ಉಳಿಯುತ್ತದೆ. ಈ ಆಟದ ಸಾಮಾನು ದುಬಾರಿಯೆನಿಸಿದರೆ ಸಾಲ ಮಾಡಿ ಕೊಳ್ಳಬೇಕಾಗಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಮನೆ ಬರೆದು, ಹಾಡು ಹಚ್ಚಿ, ಒಬ್ಬರು ದಿಕ್ಕು ಕೂಗುತ್ತಾ ಇನ್ನೊಬ್ಬರು ತುಳಿದರೂ ಮೈ ಬೆವರುತ್ತದೆ.

ಎಚ್ಚರಿಕೆ

ಚಾಪೆಯು ನುಣುಪಾದ ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮೇಲೆ ಜಾರುತ್ತದೆ. ನಾಲ್ಕೂ ಅಂಚುಗಳನ್ನು ಟೇಪಿನಿಂದ ಅಂಟಿಸಿರಿ. ಕಾಲುಚೀಲ ಹಾಕಿಕೊಂಡು ಆಡಬೇಡಿರಿ. ಸೀರೆ, ಲುಂಗಿ ಕಾಲಿಗೆ ಸಿಕ್ಕದಂತೆ ಎತ್ತಿ ಕಟ್ಟಿರಿ. ಹಿರಿಯರು ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯ ಬೆನ್ನು ಹಿಡಿದುಕೊಂಡು, ಮನೆಯಲ್ಲಿ ಯಾರಾದರೂ ಇದ್ದಾಗ ಮಾತ್ರ ಆಡಬೇಕು. ಮೊಣಕಾಲು ನೋವಿದ್ದವರು ಜಿಗಿಯದೆ ಹೆಜ್ಜೆ ಇಟ್ಟರೆ ಸಾಕು. ಅಂಕಕ್ಕಾಗಿ ಮೊಣಕಾಲು ಕೆಡಿಸಿಕೊಳ್ಳುವುದು ಬೇಡ. ಹೃದಯದ ತೊಂದರೆ ಇದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಮಿನುಗುವ ಬೆಳಕಿನಿಂದ ಫಿಟ್ಸ್ ಬರುವವರಿಗೆ ಈ ಆಟ ಸಲ್ಲದು. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ಹಾಡು ಮುಗಿಯಲೆಂದು ಕಾಯದೆ ತಕ್ಷಣ ನಿಲ್ಲಿಸಿರಿ. ಎದೆನೋವು ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿರಿ.

ಸಕ್ಕರೆ ಕಾಯಿಲೆಯವರಿಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಬಹಳ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಆಡಬಾರದು. ಆಡುವಾಗ ಕೈನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು ಕಂಡರೆ ಅದು ಆಯಾಸವಲ್ಲ, ಸಕ್ಕರೆ ಇಳಿದಿರಬಹುದು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಬೆರೆಸಿ ಕುಡಿಯಿರಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿದು ಆಸ್ಪತ್ರೆಗೆ ಬನ್ನಿರಿ. ಹೆಚ್ಚು ಆಡಿದ ದಿನ ಸಕ್ಕರೆಯು ಕೆಲವು ತಾಸುಗಳ ನಂತರವೂ ಇಳಿಯಬಹುದು, ಆದ್ದರಿಂದ ರಾತ್ರಿ ಊಟ ತಪ್ಪಿಸಬೇಡಿರಿ.

ಎರಡನೆಯದು ಪಾದ. ಅಂಗಾಲು ಜೋಮು ಹಿಡಿದಂತಿರುವವರಿಗೆ, ಚಪ್ಪಲಿ ಕಾಲಿನಿಂದ ಜಾರಿದ್ದೇ ತಿಳಿಯದವರಿಗೆ ಚಾಪೆಯ ಆಟ ಬೇಡವೇ ಬೇಡ. ಬರಿಗಾಲಲ್ಲಿ ಮತ್ತೆ ಮತ್ತೆ ತುಳಿದು ಗುಳ್ಳೆ ಎದ್ದರೂ ಅವರಿಗೆ ನೋವು ತಿಳಿಯುವುದಿಲ್ಲ, ಗುಳ್ಳೆ ಹುಣ್ಣಾಗುತ್ತದೆ. ಇಂಥವರು ಸರಿಯಾದ ಅಳತೆಯ ಮೆತ್ತನೆಯ ಬೂಟು ಹಾಕಿಕೊಂಡು, ಕುರ್ಚಿಯಲ್ಲಿ ಕುಳಿತು ಕೈಗಳಿಂದ ಆಡುವ ಆಟ ಆರಿಸಿಕೊಳ್ಳಲಿ. ಇಲ್ಲಿ ಕುಳಿತು ಆಡಿದರೆ ತಪ್ಪಿಲ್ಲ. ಉಳಿದ ಸಕ್ಕರೆ ರೋಗಿಗಳೂ ಆಟ ಮುಗಿದ ಮೇಲೆ ಎರಡೂ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಕಣ್ಣು ಮಂದವಾಗಿದ್ದರೆ ಮೊಮ್ಮಕ್ಕಳಿಗೆ ತೋರಿಸಿರಿ. ಕೆಂಪು ಕಲೆ, ಗುಳ್ಳೆ, ಬಿರುಕು ಕಂಡರೆ ಮನೆಮದ್ದು ಹಚ್ಚದೆ, ಬ್ಲೇಡಿನಿಂದ ಕೆರೆಯದೆ, ಮರುದಿನವೇ ಹೊರರೋಗಿ ವಿಭಾಗಕ್ಕೆ ಬಂದು ತೋರಿಸಿರಿ.