ಶನಿವಾರ ಭಾನುವಾರದ ಬುತ್ತಿ

ಕಳೆದ ಶ್ರಾವಣದಲ್ಲಿ ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯ ಒಂದು ಮನೆಗೆ ಪೂಜೆಯ ನಿಮಿತ್ತ ಹೋಗಿದ್ದೆವು. ಪ್ರಸಾದವಾದ ಮೇಲೆ ಮನೆಯ ಹಿರಿಯರು ಎಲೆಅಡಿಕೆಯ ತಟ್ಟೆಯನ್ನು ನಮ್ಮ ಮುಂದೆ ಸರಿಸಿ, "ಅಯ್ನೋರೇ, ನಮ್ಮ ಸೊಸೆ ಅನ್ನ ಮಾರ್ತೀನಿ ಅಂತಾಳೆ. ನೀವೇ ಒಂದು ಮಾತು ಹೇಳಿ" ಎಂದರು. ಹಾಗೆಂದರೆ ಬೇಡವೆಂದು ಹೇಳಿರಿ ಎಂದೇ ಅರ್ಥ. ಬಾಗಿಲ ಬಳಿ ನಿಂತಿದ್ದ ಸೊಸೆಯ ಕೈಯಲ್ಲಿ ಮಗನ ಹಳೆಯ ಶಾಲಾ ಪುಸ್ತಕವೊಂದಿತ್ತು. ಅದರ ಹಿಂಬದಿಯ ಹಾಳೆಗಳಲ್ಲಿ ಆಕೆ ಲೆಕ್ಕ ಬರೆದುಕೊಂಡಿದ್ದಳು. ಎರಡು ಬಳೆಗಳನ್ನು ಅಡವಿಡಲು ಆಕೆ ಸಿದ್ಧಳಾಗಿದ್ದಳು. ಮಾತು ಹೇಳುವ ಮೊದಲು ಪುಸ್ತಕವನ್ನು ನೋಡೋಣವೆಂದು ಕೇಳಿ ಪಡೆದೆವು.

ಕುಡುಮಲಕುಂಟೆಯನ್ನು ನೋಡದ ವಾಚಕರಿಗೆ ಎರಡು ಮಾತು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಆಂಧ್ರದ ಗಡಿಗೆ ಹತ್ತಿರವಾಗಿ, ಕನ್ನಡ ತೆಲುಗುಗಳೆರಡೂ ಒಂದೇ ಜಗುಲಿಯ ಮೇಲೆ ಮಾತಾಡುವ ಸೀಮೆ ಇದು. ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದ ಹೊಲಗಳ ಪಕ್ಕದಲ್ಲಿ ಈಗ ಕೈಗಾರಿಕಾ ಪ್ರದೇಶವಿದೆ. ದೂರದ ಊರುಗಳಿಂದ ಬಂದ ಹುಡುಗರು ಒಂದೊಂದು ಕೋಣೆಯಲ್ಲಿ ಮೂವರು ನಾಲ್ವರಂತೆ ಬಾಡಿಗೆಗಿರುತ್ತಾರೆ. ಕೆಲಸದ ದಿನ ಅವರಿಗೆ ಕಾರ್ಖಾನೆಯ ಊಟವುಂಟು. ರಜೆಯ ದಿನ ಬಂತೆಂದರೆ ಬೇಕರಿಯ ಬನ್ನು, ಚಹಾ, ಇಲ್ಲವೆ ಎಣ್ಣೆಯಲ್ಲಿ ಹೊರಳಾಡಿದ ತಿಂಡಿ. ಸೊಸೆ ಕಂಡುಕೊಂಡದ್ದು ಈ ಹಸಿವನ್ನು. ವಾರವೆಲ್ಲ ಮನೆ, ಹಸು, ಮಗನ ಶಾಲೆ ಇರುವ ಆಕೆಗೆ ನಿತ್ಯದ ಹೋಟೆಲು ಸಾಧ್ಯವಿಲ್ಲ. ಶನಿವಾರ ರಾತ್ರಿಯ ಊಟ, ಭಾನುವಾರ ಮಧ್ಯಾಹ್ನದ ಊಟ, ಇವೆರಡನ್ನು ಕೋಣೆಗಳಿಗೆ ತಲುಪಿಸುವುದಷ್ಟೇ ಅವಳ ಯೋಜನೆ.

ಹಿರಿಯರ ಸಂಕೋಚವನ್ನು ನಾವು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಬಂದವರಿಗೆ ಉಣಬಡಿಸುವುದೇ ಮನೆಯ ಮರ್ಯಾದೆಯೆಂದು ಬಾಳಿದವರಿಗೆ ಅನ್ನಕ್ಕೆ ಬೆಲೆ ಕಟ್ಟುವುದು ನಾಲಗೆಗೆ ಬಾರದ ಮಾತು. ಆದರೆ ದಾಸೋಹ ಬೇರೆ, ಕಾಯಕ ಬೇರೆ; ಒಂದರ ಹೆಸರಿನಲ್ಲಿ ಇನ್ನೊಂದನ್ನು ತಡೆಯಬಾರದು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಬೀದಿಗಳಲ್ಲಿ ಲಿಂಗಾಯತ ಖಾನಾವಳಿಯೆಂಬ ಫಲಕ ನಮ್ಮವರ ಕಣ್ಣಿಗೆ ಹೊಸದಲ್ಲ. ಗಂಡನನ್ನು ಕಳೆದುಕೊಂಡ ಎಷ್ಟೋ ತಾಯಂದಿರು ರೊಟ್ಟಿ ತಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಓದುತ್ತಿದ್ದ ಹುಡುಗರಿಗೆ ಸುತ್ತಲ ಹಳ್ಳಿಗಳ ತಾಯಂದಿರು ಬೆಳಗಿನ ಬಸ್ಸಿನಲ್ಲಿ ಬುತ್ತಿ ಇಟ್ಟು ಕಳುಹಿಸುತ್ತಿದ್ದರು; ಹುಡುಗರು ನಿಲ್ದಾಣದಲ್ಲಿ ಕಾದು ತಮ್ಮ ತಮ್ಮ ಬುತ್ತಿಯ ಗಂಟನ್ನು ಗುರುತಿಸಿ ಒಯ್ಯುತ್ತಿದ್ದರು. "ತಾಯಿ ದೂರವಿರುವ ಹುಡುಗನಿಗೆ ನಿಮ್ಮ ಸೊಸೆ ಬುತ್ತಿ ಕಟ್ಟುತ್ತಾಳೆ. ಅವನು ದುಡಿಯುವವನು, ಪುಕ್ಕಟೆ ಉಣ್ಣಲಾರ. ಬೆಲೆ ಕೊಟ್ಟರೆ ಅವನ ಮಾನವೂ ಉಳಿಯುತ್ತದೆ" ಎಂದೆವು. ಹಿರಿಯರು ಅಡಿಕೆಯನ್ನು ಬಾಯಿಗೆ ಹಾಕಿಕೊಂಡರು, ಒಪ್ಪಿದೆನೆನ್ನಲಿಲ್ಲ.

ನಮಗೆ ತೊಡಕೆನಿಸಿದ್ದು ಪುಸ್ತಕದಲ್ಲಿದ್ದ ಲೆಕ್ಕ. ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ನಮ್ಮನ್ನು ವ್ಯಾಕರಣಕ್ಕಿಂತ ಮೊದಲು ಉಗ್ರಾಣಕ್ಕೆ ಕಳುಹಿಸಿದ್ದರು. ಅಕ್ಕಿ ಅಳೆಯಲು ಬಾರದವನಿಗೆ ಛಂದಸ್ಸಿನ ಮಾತ್ರೆ ತಿಳಿಯದೆಂದು ನಮ್ಮ ಉಗ್ರಾಣದವರು ನಗೆಯಾಡುತ್ತಿದ್ದರು. ಆ ಅಳತೆಯ ಕಣ್ಣು ಇಂದಿಗೂ ಉಳಿದಿದೆ.

ಸೊಸೆ ಪ್ರತಿ ಹೊತ್ತಿಗೆ 40 ಊಟವೆಂದು, ಅಂದರೆ ವಾರಕ್ಕೆ 80 ಊಟವೆಂದು ಹಿಡಿದಿದ್ದಳು. ಊಟಕ್ಕೆ 80 ರೂಪಾಯಿಯಂತೆ 6,400 ರೂಪಾಯಿ ಬರುತ್ತದೆ. ದಿನಸಿ ತರಕಾರಿಗೆ ಊಟಕ್ಕೆ 34 ರೂಪಾಯಿ ಹಿಡಿದರೆ 2,720. ಅನಿಲಕ್ಕೆ 350. ಇಬ್ಬರು ಹೆಣ್ಣಾಳುಗಳಿಗೆ ದಿನಕ್ಕೆ 450ರಂತೆ ಎರಡು ದಿನಕ್ಕೆ 1,800. ತಲುಪಿಸುವ ಹುಡುಗನಿಗೆ 800. ಪೆಟ್ರೋಲಿಗೆ 150. ಒಟ್ಟು 5,820. ಉಳಿಯುವುದು 580 ರೂಪಾಯಿ. ಅದರಲ್ಲಿ ಅವಳ ಎರಡು ದಿನದ ದುಡಿಮೆಗೆ ಕಾಸೂ ಹಿಡಿದಿಲ್ಲ. ಏಳು ಊಟ ಮಾರದೆ ಉಳಿದವೆಂದರೆ 560 ರೂಪಾಯಿ ಹೋಯಿತು. ಆಮೇಲೆ ಬಳೆಯ ಬಡ್ಡಿಯನ್ನು ಎಲ್ಲಿಂದ ಕಟ್ಟುವುದು?

ಅದೇ ಹಾಳೆಯ ಕೆಳಗೆ ನಾವು ಇನ್ನೊಂದು ಲೆಕ್ಕ ಬರೆದೆವು. ಹೊತ್ತಿಗೆ 25 ಊಟ, ಒಟ್ಟು 50, ಬರುವುದು 4,000. ದಿನಸಿಗೆ 1,700, ಅನಿಲಕ್ಕೆ 250, ಒಬ್ಬಳೇ ಸಹಾಯಕಿಗೆ 900. ತಲುಪಿಸುವವನು ಗಂಡನೇ ಆದ್ದರಿಂದ ಪೆಟ್ರೋಲಿಗೆ ಮಾತ್ರ 100. ಖರ್ಚು 2,950, ಉಳಿತಾಯ 1,050. ಊಟ ಕಡಿಮೆಯಾಯಿತು, ಉಳಿತಾಯ ಹೆಚ್ಚಾಯಿತು! ಹೊತ್ತಿಗೆ 60 ಊಟ ತಲುಪಿದಾಗ ಮಾತ್ರ ಮೂವರ ಕೂಲಿಯನ್ನು ವ್ಯಾಪಾರ ಹೊರಬಲ್ಲುದು: 9,600 ರೂಪಾಯಿಯಲ್ಲಿ ದಿನಸಿಗೆ 4,080, ಅನಿಲಕ್ಕೆ 500, ಕೂಲಿಗೆ 2,600, ಪೆಟ್ರೋಲಿಗೆ 200 ಕಳೆದರೆ 2,220 ಉಳಿಯುತ್ತದೆ. 25 ಮತ್ತು 60ರ ನಡುವಿನ ದಾರಿಯೇ ಕಡಿದಾದದ್ದು. ಆ ದಾರಿಯಲ್ಲಿ ಬೇಡಿಕೆ ಬರುವ ಮೊದಲೇ ಆಳು ನೇಮಿಸಿಕೊಂಡು ಮುಗ್ಗರಿಸಿದವರೇ ಹೆಚ್ಚು. ಬೆಲೆಗಳು ಊರಿಂದೂರಿಗೆ ಬೇರೆಯಾದಾವು. ಲೆಕ್ಕದ ರೀತಿ ಬೇರೆಯಾಗದು.

ಊಟ ಉಳಿಯದಂತೆ ಮಾಡುವ ಉಪಾಯ ಸರಳ. ಗುರುವಾರ ಸಂಜೆಯೊಳಗೆ ಬೇಡಿಕೆ ಬರೆದುಕೊಳ್ಳಬೇಕು, ಅರ್ಧ ಹಣ ಮುಂಗಡ ಪಡೆಯಬೇಕು, ಶುಕ್ರವಾರ ಲೆಕ್ಕಕ್ಕೆ ತಕ್ಕಷ್ಟೇ ಸಾಮಾನು ತರಬೇಕು. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸ್ವಿಗ್ಗಿಯಂಥ ದೊಡ್ಡ ಸಂಸ್ಥೆಗಳು ಪ್ರತಿ ಊಟದಲ್ಲೂ ತಮ್ಮ ಪಾಲು ಕಳೆದುಕೊಂಡು ಉಳಿದದ್ದನ್ನು ಕೊಡುತ್ತವೆ. ಹತ್ತಾರು ಕೋಣೆಗಳ ಈ ವ್ಯಾಪಾರಕ್ಕೆ ಒಂದು ದೂರವಾಣಿ, ಒಂದು ವಾಟ್ಸಾಪ್ ಗುಂಪು ಸಾಕು.

ಇನ್ನು ಆಳಿನ ಪ್ರಶ್ನೆ. ವಾರಕ್ಕೆರಡೇ ದಿನದ ಕೆಲಸಕ್ಕೆ ಯಾರು ಬಂದಾರು? ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳನ್ನು ಕರೆಯುತ್ತೇನೆಂದು ಸೊಸೆ ಹೇಳಿದಳು. ನಾವು ಬೇಡವೆಂದೆವು. ಆರು ದಿನ ದುಡಿದವಳ ಏಳನೆಯ ದಿನವನ್ನು ಕೂಲಿ ಕೊಟ್ಟೇ ಆದರೂ ಕೊಳ್ಳುವುದು ನಮಗೆ ಸರಿಕಾಣದು; ದಣಿದವಳು ಹೆಚ್ಚು ದಿನ ಬರುವುದೂ ಇಲ್ಲ. ಅವಳ ಎದುರಿಗೇ ಇದ್ದವರನ್ನು ಅವಳು ಕಂಡಿರಲಿಲ್ಲ. ಸರ್ಕಾರಿ ಶಾಲೆಗಳ ಅಕ್ಷರ ದಾಸೋಹದಲ್ಲಿ ಬಿಸಿಯೂಟ ಬೇಯಿಸುವ ತಾಯಂದಿರಿದ್ದಾರಲ್ಲ! ನೂರು ಜನಕ್ಕೆ ಉಪ್ಪು ಹಾಕುವ ಕೈ ಅವರದು. ಗೌರವಧನ ಅಲ್ಪ. ಶನಿವಾರ ಶಾಲೆ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಭಾನುವಾರ ಬಿಡುವು.

ಆಗ ಒಳಗಿನಿಂದ ಅತ್ತೆಯವರ ದನಿ ಕೇಳಿತು: "ಆ ಯಮ್ಮ ನಮ್ಮೋರಲ್ಲ ಅಯ್ನೋರೇ. ಅಡುಗೆಮನೆಗೆ ಹೆಂಗೆ ಬಿಟ್ಕೊಳ್ಳೋದು?" ನಾವು ಶಾಸ್ತ್ರ ಹೇಳಬಹುದಿತ್ತು; ಹೇಳಲಿಲ್ಲ. "ತಾಯಿ, ನಿಮ್ಮ ಮೊಮ್ಮಗ ಆಕೆಯ ಕೈಯಡುಗೆ ಉಂಡೇ ಮೂರನೆಯ ತರಗತಿಗೆ ಬಂದಿದ್ದಾನೆ" ಎಂದಷ್ಟೇ ಹೇಳಿದೆವು. ಒಳಗೆ ಮೌನ. ಬಸವಣ್ಣನವರ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುವ ನಮ್ಮ ಮನೆಗಳಲ್ಲಿ ಈ ಹೊಸ್ತಿಲು ಇನ್ನೂ ಎಷ್ಟು ಎತ್ತರವಾಗಿದೆಯೆಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದೆವು.

ಕೂಲಿಯ ವಿಷಯದಲ್ಲಿ ಎರಡು ಹಳೆಯ ನಿದರ್ಶನಗಳನ್ನು ಸೊಸೆಗೆ ಹೇಳಿದೆವು. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಹಪ್ಪಳ ಆರಂಭಿಸಿದರು. ಇಂದಿನ ಲಿಜ್ಜತ್ ಸಂಸ್ಥೆಯಲ್ಲಿ ಹಪ್ಪಳ ಒತ್ತುವವಳು ಆಳಲ್ಲ, ಸದಸ್ಯೆ. ಒತ್ತಿದ ಅಳತೆಗೆ ತಕ್ಕ ಕೂಲಿ, ಲಾಭದಲ್ಲಿಯೂ ಪಾಲು. ಅದೇ ನಗರದಲ್ಲಿ 1890ರ ಸುಮಾರಿಗೆ ಮಹಾದೇವ ಹಾವಜಿ ಬಚ್ಚೆ ಎಂಬವರಿಂದ ಆರಂಭವಾದ ಡಬ್ಬಾವಾಲರ ಕಟ್ಟಿನಲ್ಲಿಯೂ ಹೊರುವವರೇ ಪಾಲುದಾರರು. ಡಬ್ಬಿಯ ಮುಚ್ಚಳದ ಮೇಲಿನ ಬಣ್ಣದ ಗುರುತು ಓದಿ ಊಟವನ್ನು ಮುಟ್ಟಿಸುತ್ತಾರೆ. ನಮ್ಮ ಕಲಬುರಗಿಯ ರೊಟ್ಟಿ ತಟ್ಟುವ ಹೆಣ್ಣುಮಕ್ಕಳು ಒಂದೇ ಹೆಸರಿನಡಿ ಸೇರಿ ಮಾರುತ್ತಿರುವುದನ್ನು 2025ರ ಜೂನ್ ಕೊನೆಯಲ್ಲಿ ಪ್ರಧಾನಿಗಳೇ ಆಕಾಶವಾಣಿಯ 'ಮನದ ಮಾತಿ'ನಲ್ಲಿ ನೆನೆದರು. ಇಬ್ಬರೇ ಇರುವ ಅಡುಗೆಮನೆಗೆ ಸಂಘ ಬೇಡ. ಆದರೆ ಮಾತಾಡಿದ ಕೂಲಿಯನ್ನು ಭಾನುವಾರ ಸಂಜೆಯೇ ಕೈಗಿಡಬೇಕು, ಊಟ ಕಡಿಮೆ ಹೋದ ವಾರವೂ ಕಡಿತ ಮಾಡಬಾರದು, ಹೊತ್ತಿಗೆ 40 ಊಟ ದಾಟಿದ ವಾರ ಆಕೆಗೂ ಒಂದು ಪಾಲು ಸೇರಬೇಕು. ಇಷ್ಟನ್ನು ಬಾಯಿಮಾತಿನಲ್ಲಿ ಬಿಡದೆ ಪುಸ್ತಕದಲ್ಲಿ ಬರೆಸಿದೆವು.

ಹುಡುಗರನ್ನು ಕೆಲಸಕ್ಕಿಡುವವರಿಗೂ ಒಂದು ಮಾತು. ಹದಿನಾಲ್ಕು ತುಂಬದವರನ್ನು ಕೂಲಿಗಿಟ್ಟುಕೊಳ್ಳುವುದು ಅಪರಾಧ. ಬೈಕು ಕೊಡುವುದಾದರೆ ಹದಿನೆಂಟು ತುಂಬಿರಬೇಕು, ಚಾಲನಾ ಪರವಾನಗಿ ಇರಬೇಕು, ವಾಹನದ ವಿಮೆ ಜೀವಂತವಾಗಿರಬೇಕು. ನೆಂಟರ ಹುಡುಗನೆಂಬ ಸಲುಗೆ ಅಪಘಾತದ ದಿನ ಕೈ ಹಿಡಿಯದು.

ಏನು ಬೇಯಿಸಬೇಕೆಂಬುದನ್ನು ನಾಲಗೆಯೊಂದೇ ತೀರ್ಮಾನಿಸಲಾಗದು, ದಾರಿಯೂ ತೀರ್ಮಾನಿಸುತ್ತದೆ. ಈ ಸೀಮೆಯ ಮುದ್ದೆ ಬಸ್ಸಾರು ಅಮೃತವೇ ಸರಿ. ಆದರೆ ಆರಿದ ಮುದ್ದೆ ಗಟ್ಟಿಯಾಗಿ ಬಿಡುತ್ತದೆ. ಬಿಸಿ ಹಿಡಿಯುವ ಡಬ್ಬಿಯಲ್ಲಿಟ್ಟು ಹತ್ತಿರದ ಕೋಣೆಗಳಿಗಷ್ಟೇ ಅದನ್ನು ಕಳುಹಿಸಬೇಕು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ ದೂರವನ್ನು ತಾಳುತ್ತವೆ, ಬಡಗಣ ಹುಡುಗರಿಗೆ ಪ್ರಾಣವೂ ಹೌದು. ಅವರೆಯ ಕಾಲದಲ್ಲಿ ಹಿತಕಿದ ಬೇಳೆಯ ಸಾರು ಮಾಡಿದರೆ ಬೇರೆ ಪ್ರಚಾರ ಬೇಕಿಲ್ಲ.

ಅನ್ನದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ಉಗುರುಬೆಚ್ಚಗೆ ಬಹಳ ಹೊತ್ತು ಬಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಸೂಕ್ಷ್ಮಾಣು ಉಂಟುಮಾಡುವ ವಿಷ ಮತ್ತೆ ಕಾಯಿಸಿದರೂ ಅಳಿಯದು. ಬಿಸಿಯ ಅಡುಗೆಯನ್ನು 60 ಡಿಗ್ರಿಗಿಂತ ಕೆಳಗಿಳಿಯದಂತೆ ಇಟ್ಟು ಬೇಗನೆ ತಲುಪಿಸಬೇಕು. ವಾಂತಿಭೇದಿ, ಜ್ವರವಿದ್ದವರು ಅಂದು ಅಡುಗೆ ಮುಟ್ಟಬಾರದು. ಅಂದಿನ ಕೂಲಿ ಹೋಗದೆಂಬ ಭರವಸೆ ಇದ್ದರೆ ಮಾತ್ರ ಆಕೆ ನಿಜ ಹೇಳಿಯಾಳು. 2006ರ ಆಹಾರ ಸುರಕ್ಷತೆ ಕಾಯಿದೆಯಂತೆ ಇಂಥ ಸಣ್ಣ ವ್ಯಾಪಾರಕ್ಕೂ ನೋಂದಣಿ ಬೇಕು. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, 19 ಕಿಲೋದ್ದನ್ನೇ ತರಬೇಕು. ಹಳೆಯ ವೃತ್ತಪತ್ರಿಕೆಯಲ್ಲಿ ತಿನಿಸು ಕಟ್ಟುವುದೂ ನಿಷಿದ್ಧ, ಮುದ್ರಣದ ಮಸಿ ಹೊಟ್ಟೆಗೆ ಸೇರುತ್ತದೆ. ನಮ್ಮ ಸಲಹೆ ಸ್ಟೀಲ್ ಕ್ಯಾರಿಯರು: ಶನಿವಾರ ಕೊಟ್ಟದ್ದನ್ನು ಭಾನುವಾರ ಹಿಂಪಡೆಯಬಹುದು.

ಮಾಘದಲ್ಲಿ ಮತ್ತೆ ಆ ದಾರಿಯಲ್ಲಿ ಹೋದಾಗ ಮನೆಯ ಜಗುಲಿಯಲ್ಲಿ ಕ್ಯಾರಿಯರುಗಳು ಬಿಸಿಲಿಗೆ ಬೋರಲು ಬಿದ್ದಿದ್ದವು. ಬಿಸಿಯೂಟದ ತಾಯಿ ಒಳಗೆ ಕಾಳು ಬಿಡಿಸುತ್ತಿದ್ದರು, ಅತ್ತೆಯವರು ಎದುರಿಗೇ ಕೂತು ಸೊಪ್ಪು ಸೋಸುತ್ತಿದ್ದರು. ನಡುವೆ ಒಂದು ಭಾನುವಾರ ಸಾರು ಹುಳಿತಿತ್ತಂತೆ. ರುಚಿ ನೋಡಿದ ಕೂಡಲೇ ಇಡೀ ಹಂಡೆಯನ್ನು ಚೆಲ್ಲಿ, ಇಪ್ಪತ್ತೆಂಟು ಜನಕ್ಕೂ ಫೋನು ಮಾಡಿ ಹಣ ಹಿಂದಿರುಗಿಸಿದಳಂತೆ. ಮುಂದಿನ ವಾರ ಇಪ್ಪತ್ತೆಂಟರಲ್ಲಿ ಇಪ್ಪತ್ತಾರು ಜನ ಮತ್ತೆ ಬರೆಸಿದರು. ಗುರುವಾರದ ಬೇಡಿಕೆ ಬರೆಯುವವರು ಈಗ ಮಾವನವರೇ. "ಇವಳ ಅಕ್ಷರ ನನಗೆ ತಿಳಿಯಲ್ಲ ಅಯ್ನೋರೇ, ಅದಕ್ಕೇ ನಾನು ಬರೀತೀನಿ" ಎಂದರು. ಬಳೆಗಳಲ್ಲಿ ಒಂದು ಮನೆಗೆ ಬಂದಿದೆ. ಇನ್ನೊಂದನ್ನು ಯುಗಾದಿಯ ಹೊತ್ತಿಗೆ ಬಿಡಿಸಿಕೊಳ್ಳುವುದಾಗಿ ಸೊಸೆ ಹೇಳಿದಳು.