ಪೇಟೆಗೆ ಹೋಗದ ಉಳ್ಳಾಗಡ್ಡಿಗೆ ಕೆಂಡದ ಪಲ್ಯ

ಗದಗ, ರೋಣದ ಎರಿ ನೆಲದಾಗ ಮುಂಗಾರಿ ಉಳ್ಳಾಗಡ್ಡಿ ಕೀಳುವಾಗ ಮಳೆ ಹಿಡಿದರೆ ಗಡ್ಡೆ ತಡೆಯುವುದಿಲ್ಲ. ಆರಿಸಿ ಚೀಲ ತುಂಬಿದ ಮೇಲೆ ಜೋಡುಗಡ್ಡಿ, ದಪ್ಪ ಕುತ್ತಿಗೆಯವು, ನಿಂಬೆಗಾತ್ರದವು ಕಣದಲ್ಲೇ ಉಳಿಯುತ್ತವೆ. ಪೇಟೆಗೆ ಒಯ್ದರೆ ಹಮಾಲಿ, ಬಾಡಿಗೆಗೂ ಸಾಲಂಗಿಲ್ಲ. 2023ರ ಡಿಸೆಂಬರಿನಲ್ಲಿ ರಫ್ತು ನಿಂತಾಗ ಒಳ್ಳೆ ಗಡ್ಡೆಗೇ ದರ ಬಿತ್ತು, ಇವನ್ನು ಯಾರು ಕೇಳ್ಯಾರು? ದಪ್ಪ ಕುತ್ತಿಗೆ ಒಣಗದೆ ಅಲ್ಲಿಂದಲೇ ಕೊಳೆ ಇಳಿಯುತ್ತದೆ. ಮೊದಲು ಅವನ್ನು ತಿಂದು ಮುಗಿಸಬೇಕು.

ರೊಟ್ಟಿ ಬಡಿದಾದ ಮೇಲೆ ಒಲೆಯ ಬಿಸಿ ಬೂದಿಯಲ್ಲಿ ಸಿಪ್ಪೆ ಸಮೇತ ಎಂಟು ಗಡ್ಡೆ ಹೂಳಿ ಕೆಂಡ ಎಳೆಯಿರಿ. ಉರಿ ಬೇಡ, ಉರಿಗೆ ಹೊರಗೆ ಕರಕಲು, ಒಳಗೆ ಹಸಿ. ಸಣ್ಣವಕ್ಕೆ ಅರ್ಧ ತಾಸು, ಜೋಡುಗಡ್ಡಿಗೆ ಮುಕ್ಕಾಲು. ಹಿಚುಕಿದರೆ ಮೆತ್ತಗಾಗಿರಬೇಕು.

ಅಷ್ಟರಲ್ಲಿ ಅರ್ಧ ಲೀಟರ್ ಹಾಲು ಕಾಯಿಸಿ, ನಿಂಬೆರಸ ಹಿಂಡಿ ಒಡೆದು, ಬಟ್ಟೆಯಲ್ಲಿ ಸೋಸಿ. ನೀರು ಚೆಲ್ಲಬೇಡಿ, ಸಾರಿಗೆ ಬರುತ್ತದೆ. ಪೇಟೆಯ ಚೀಸ್ ಆದರೆ ಕರಗಿ ನೂಲು ಎಳೆಯುತ್ತದೆ, ಹುಡುಗರಿಗೆ ಅದೇ ಬೇಕು. ಒಡೆದ ಹಾಲು ಕರಗುವುದಿಲ್ಲ, ಉದುರುದುರಾಗಿ ಕೆಂಪಗಾಗುತ್ತದೆ. ನನಗಂತೂ ಇದೇ ಸೈ.

ಸುಟ್ಟ ಸಿಪ್ಪೆ ಸುಲಿದು ಗಡ್ಡೆ ಜಜ್ಜಿ. ಉಪ್ಪು, ಬೆಳ್ಳುಳ್ಳಿ, ಗುರೆಳ್ಳು ಪುಡಿ, ಒಂದು ಚಮಚ ಕುಸುಬಿ ಎಣ್ಣೆ ಕಲಸಿ ಮಣ್ಣಿನ ಪಾತ್ರೆಯಲ್ಲಿ ಹರಡಿ, ಮೇಲೆ ಒಡೆದ ಹಾಲು ಉದುರಿಸಿ. ತಗಡು ಮುಚ್ಚಿ, ತಗಡಿನ ಮೇಲೂ ಕೆಂಡ ಇಡಿ, ಕಾಲು ತಾಸು. ಓವನ್ ಇದ್ದವರಿಗೆ ಈ ಪಜೀತಿ ಇಲ್ಲ, 200 ಡಿಗ್ರಿಗೆ 15 ನಿಮಿಷ.

ಕಪ್ಪು ಬೂಸಲು ಹಿಡಿದ ಗಡ್ಡೆ ತಿಪ್ಪೆಗೇ ಹೋಗಲಿ. ಉಳಿದವು ಎಂದು ದನಕ್ಕೆ ಬುಟ್ಟಿಗಟ್ಟಲೆ ಸುರಿಯಬೇಡಿ. ಉಳ್ಳಾಗಡ್ಡಿ ಹೆಚ್ಚಾದರೆ ರಕ್ತ ಒಡೆದು ಗಂಜಲ ಕೆಂಪಾಗುತ್ತದೆ, ದನ ಸಾಯಲೂಬಹುದು.